ದೋಣಿಗೆ ಬಳಸುದಾರಿ ಇಲ್ಲ

ಒಂದು ಉದ್ದ ಕೂಗು, ಅದರ ಹಿಂದೆಯೇ ಒಂದು ಗಿಡ್ಡ ಕೂಗು. ಅಮೆರಿಕದ ನದಿಗಳಲ್ಲಿ ದೋಣಿಯವರು ಎತ್ತುಸೇತುವೆಯೊಂದರ ಮುಂದೆ ಬಂದು ಹೀಗೆ ಹಾರ್ನ್ ಹಾಕಿದರೆ ‘ಸೇತುವೆ ತೆರೆಯಿರಿ’ ಎಂದು ಅರ್ಥ. ಉದ್ದದ ಕೂಗು ನಾಲ್ಕರಿಂದ ಆರು ಸೆಕೆಂಡು ಇರಬೇಕು, ಗಿಡ್ಡದ್ದು ಸುಮಾರು ಒಂದು ಸೆಕೆಂಡು. ಸೇತುವೆಯ ಪಕ್ಕದ ಕೋಣೆಯಲ್ಲಿ ಕುಳಿತ ಆಪರೇಟರ್ ಅದೇ ಕೂಗನ್ನು ತಿರುಗಿ ಕೂಗಿದರೆ ಒಪ್ಪಿಗೆ ಸಿಕ್ಕಿತು. ಸದ್ಯಕ್ಕೆ ತೆರೆಯಲಾಗದು ಎನ್ನುವುದಿದ್ದರೆ ಅರ್ಧ ನಿಮಿಷದೊಳಗೆ ಐದು ಗಿಡ್ಡ ಕೂಗುಗಳನ್ನು ಬೆನ್ನುಬೆನ್ನಿಗೆ ಹಾಕಬೇಕು. ಇವತ್ತು ಈ ಮಾತುಕತೆ ಬಹುಪಾಲು ರೇಡಿಯೊದಲ್ಲೇ ಮುಗಿಯುತ್ತದೆ. ಆದರೂ ಆ ಐದು ಕೂಗುಗಳು ನಿಯಮದ ಪುಸ್ತಕದಲ್ಲಿ ಹಾಗೆಯೇ ಉಳಿದಿವೆ, ಏಕೆಂದರೆ ನೀರಿನ ಮೇಲೆ ಇರುವವನಿಗೆ ‘ಇಲ್ಲ’ ಎಂಬ ಉತ್ತರ ಸಕಾಲಕ್ಕೆ ಮುಟ್ಟದಿದ್ದರೆ ಅನಾಹುತವಾಗುತ್ತದೆ.

ಸೇತುವೆ ದುರಸ್ತಿಗೆ ಬಂದಾಗ ಈ ‘ಇಲ್ಲ’ವನ್ನು ಅರ್ಧ ನಿಮಿಷಕ್ಕಲ್ಲ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹೇಳಬೇಕಾಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಅತಿ ಸುಲಭದ ನಿರ್ಧಾರ. ಸೇತುವೆಯನ್ನು ಕೆಳಗಿಳಿಸಿ ಬೀಗ ಹಾಕಿದರೆ ಮುಗಿಯಿತಲ್ಲ, ಜನ, ಬಸ್ಸು, ರೈಲು ಎಲ್ಲವೂ ಎಂದಿನಂತೆ ಓಡಾಡುತ್ತವೆ, ತೆರೆಯುವ ತಾಪತ್ರಯವೂ ಇಲ್ಲ. ಆದರೆ ಎತ್ತುಸೇತುವೆಯ ದುರಸ್ತಿಯಲ್ಲಿ ಎಂಜಿನಿಯರುಗಳು ಅತಿ ಹೆಚ್ಚು ಲೆಕ್ಕ ಹಾಕುವುದು, ಅತಿ ಹೆಚ್ಚು ಜನರನ್ನು ಕೇಳಿ ಒಪ್ಪಿಸಬೇಕಾಗುವುದು ಇದೇ ವಿಷಯಕ್ಕೆ. ಕಾರಣ ಸರಳ. ರಸ್ತೆ ಮುಚ್ಚಿದರೆ ಬಳಸುದಾರಿ ಇರುತ್ತದೆ. ಐದು ಕಿಲೋಮೀಟರ್ ಆಚೆ ಇನ್ನೊಂದು ಸೇತುವೆ ಇರುತ್ತದೆ. ನದಿ ಒಂದೇ. ಎತ್ತರದ ಹಾಯಿಕಂಬದ ದೋಣಿ ಸೇತುವೆಯ ಈಚೆ ಸಿಕ್ಕಿಕೊಂಡರೆ ಅದು ಸಿಕ್ಕಿಕೊಂಡ ಹಾಗೆಯೇ.

ಲಂಡನ್ನಿನ ಟವರ್ ಬ್ರಿಜ್ಜಿನ ಉದಾಹರಣೆ ನೋಡಿ. 1894ರಲ್ಲಿ ತೆರೆದ ಈ ಸೇತುವೆಯ ನಡುವೆ 61 ಮೀಟರ್ ಅಗಲದ ದಾರಿ, ಅದಕ್ಕೆ ಎರಡು ಕಡೆಯಿಂದ ಏಳುವ ಎರಡು ರೆಕ್ಕೆಗಳು, ಒಂದೊಂದೂ ಸಾವಿರ ಟನ್‌ಗಿಂತ ಹೆಚ್ಚು ತೂಕ. ಅದರ ಕೆಳಗೆ ಹಾದುಹೋಗಬೇಕಾದ ಎತ್ತರದ ಹಡಗಿನವರು 24 ಗಂಟೆ ಮೊದಲು ತಿಳಿಸಿದರೆ ಸಾಕು, ಬಿಡಿಗಾಸು ಪಡೆಯದೆ ತೆರೆಯುತ್ತಾರೆ. ಮೇಲೆ ಎಷ್ಟೇ ವಾಹನಗಳು ಕಾದು ನಿಂತಿರಲಿ, ನದಿಗೇ ಮೊದಲ ಹಕ್ಕು. 2016ರ ಅಕ್ಟೋಬರ್‌ನಿಂದ ಡಿಸೆಂಬರ್ ಕೊನೆಯವರೆಗೆ ಮರದ ಹಾಸನ್ನು ಬದಲಿಸಲು, ಎತ್ತುವ ಯಂತ್ರಗಳನ್ನು ಸರಿಪಡಿಸಲು ಸೇತುವೆಯನ್ನು ಮುಚ್ಚಿದರು. ಮುಚ್ಚಿದ್ದು ವಾಹನಗಳಿಗೆ. ನಡೆದು ಹೋಗುವವರನ್ನೂ ಮೂರು ವಾರಾಂತ್ಯ ತಡೆದು ಅವರಿಗೆಂದು ಪುಕ್ಕಟೆ ದೋಣಿ ಬಿಟ್ಟರು. ಥೇಮ್ಸ್ ನದಿಯ ಹಡಗುಗಳಿಗೆ ಮಾತ್ರ ಆ ಮೂರು ತಿಂಗಳೂ ದಾರಿ ತೆರೆದೇ ಇತ್ತು. ದಿನಕ್ಕೆ ಹತ್ತಾರು ಸಾವಿರ ಜನ ದಾಟುವ ರಸ್ತೆಯನ್ನು ಮುಚ್ಚಿ, ಬೆರಳೆಣಿಕೆಯ ಹಡಗುಗಳಿಗೆ ದಾರಿ ಉಳಿಸಿಕೊಟ್ಟ ಆ ತೀರ್ಮಾನ ನನಗೆ ಸರಿ ಎನ್ನಿಸುತ್ತದೆ. ರಸ್ತೆಯವರಿಗೆ ಲಂಡನ್ ಬ್ರಿಜ್ ಪಕ್ಕದಲ್ಲೇ ಇತ್ತು.

ಈ ಹಕ್ಕಿನ ಜಗಳ ಹಳೆಯದು. ಮಿಸಿಸಿಪಿ ನದಿಗೆ ಅಡ್ಡಲಾಗಿ ಕಟ್ಟಿದ ಮೊದಲ ರೈಲು ಸೇತುವೆ 1856ರಲ್ಲಿ ಇಲಿನಾಯ್ ರಾಜ್ಯದ ರಾಕ್ ಐಲೆಂಡ್‌ನಲ್ಲಿ ಶುರುವಾಯಿತು. ಕೆಲವೇ ದಿನಗಳಲ್ಲಿ, ಮೇ 6ರಂದು, ‘ಎಫಿ ಆಫ್ಟನ್’ ಎಂಬ ಉಗಿಹಡಗು ಅದರ ತೆರೆಯುವ ಅಂಕಣವನ್ನು ದಾಟಿ ಮುಂದೆ ಹೋದದ್ದೇ ಹಿಡಿತ ತಪ್ಪಿ ಕಂಬಕ್ಕೆ ಬಡಿಯಿತು. ಹಡಗು ಹೊತ್ತಿ ಉರಿಯಿತು, ಸೇತುವೆಯ ಒಂದು ಅಂಕಣವೂ ಸುಟ್ಟುಹೋಯಿತು. ಹಡಗಿನ ಮಾಲೀಕರು ಮೊಕದ್ದಮೆ ಹೂಡಿದರು. ಮರುವರ್ಷ ಸೇತುವೆಯ ಪರವಾಗಿ ವಾದಿಸಿದವರಲ್ಲಿ ಒಬ್ಬರು ಅಬ್ರಹಾಂ ಲಿಂಕನ್. ನದಿಯ ಉದ್ದಕ್ಕೆ ಸಾಗುವವನಿಗೆ ಎಷ್ಟು ಹಕ್ಕಿದೆಯೋ ನದಿಯನ್ನು ಅಡ್ಡ ದಾಟುವವನಿಗೂ ಅಷ್ಟೇ ಹಕ್ಕಿದೆ ಎನ್ನುವುದು ಅವರ ವಾದದ ತಿರುಳು. ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಆದರೆ ಸೇತುವೆಗಳು ಉಳಿದವು, ನದಿಯ ಹಕ್ಕೂ ಉಳಿಯಿತು. ಇಂದು ಅಮೆರಿಕದಲ್ಲಿ ಎತ್ತುಸೇತುವೆಯ ಮಾಲೀಕರು, ಅವರು ನಗರಸಭೆಯಾಗಿರಲಿ ರೈಲ್ವೆಯಾಗಿರಲಿ, ತಮ್ಮ ಸೇತುವೆಯನ್ನು ತಾವೇ ದೋಣಿಗಳಿಗೆ ಮುಚ್ಚುವಂತಿಲ್ಲ. ಕರಾವಳಿ ಕಾವಲು ಪಡೆಯನ್ನು, ಅಂದರೆ ಕೋಸ್ಟ್ ಗಾರ್ಡ್ ಅನ್ನು, ಕೇಳಬೇಕು. ದುರಸ್ತಿಗೆಂದು ವೇಳಾಪಟ್ಟಿಯನ್ನು ತಾತ್ಕಾಲಿಕವಾಗಿ ಬದಲಿಸಲು ಅವರು ಒಪ್ಪಬಹುದು, ಆದರೆ ಆ ಒಪ್ಪಿಗೆಗೂ 180 ದಿನಗಳ ಮಿತಿಯಿದೆ.

ಏತದ ಲೆಕ್ಕ

ದುರಸ್ತಿಗೆ ದೋಣಿಗಳನ್ನು ತಡೆಯಲೇಬೇಕೇಕೆ? ಹಗಲು ಕೆಲಸ ಮಾಡಿ, ದೋಣಿ ಬಂದಾಗ ಕೆಲಸಗಾರರನ್ನು ಇಳಿಸಿ, ಸೇತುವೆ ಎತ್ತಿ, ಮತ್ತೆ ಇಳಿಸಿದರಾಗದೇ? ಸಣ್ಣಪುಟ್ಟ ಕೆಲಸಗಳನ್ನು ಹಾಗೆಯೇ ಮಾಡುತ್ತಾರೆ. ದೊಡ್ಡ ಕೆಲಸಕ್ಕೆ ಅದು ಆಗದು ಎನ್ನಲು ಮುಖ್ಯ ಕಾರಣ ತೂಕ.

ಬಾವಿಯಿಂದ ನೀರೆತ್ತುವ ಏತವನ್ನು ಕಂಡವರಿಗೆ ಈ ಸೇತುವೆ ಹೊಸದಲ್ಲ. ಉದ್ದನೆಯ ಮರ, ನಡುವೆ ಎಲ್ಲೋ ಆಧಾರ, ಮುಂದಿನ ತುದಿಗೆ ಬಾನಿ, ಹಿಂದಿನ ಗಿಡ್ಡ ತುದಿಗೆ ಕಲ್ಲಿನ ಭಾರ. ಕಲ್ಲು ಸರಿಯಾಗಿದ್ದರೆ ನೀರು ತುಂಬಿದ ಬಾನಿಯನ್ನು ಹುಡುಗನೊಬ್ಬ ಮೇಲೆತ್ತುತ್ತಾನೆ. ಬ್ಯಾಸ್ಕ್ಯೂಲ್ ಎನ್ನುವ ಬಗೆಯ ಎತ್ತುಸೇತುವೆ ಇಷ್ಟೇ. ನದಿಯ ಮೇಲೆ ಚಾಚಿದ ರೆಕ್ಕೆ ಮುಂದಿನ ತುದಿ, ದಡದ ಗುಂಡಿಯೊಳಗೆ ಅಡಗಿರುವ ನೂರಾರು ಟನ್ ಕಾಂಕ್ರೀಟು ಅಥವಾ ಬೀಡುಕಬ್ಬಿಣ ಹಿಂದಿನ ಪ್ರತಿಭಾರ, ನಡುವೆ ಭಾರಿ ಉಕ್ಕಿನ ಅಚ್ಚು. ಇಡೀ ರಚನೆಯ ಗುರುತ್ವಕೇಂದ್ರವನ್ನು ಆ ಅಚ್ಚಿನ ಮೇಲೆಯೇ, ಕೂದಲೆಳೆಯಷ್ಟು ಹತ್ತಿರ, ತಂದು ನಿಲ್ಲಿಸಿರುತ್ತಾರೆ. ಹಾಗಾಗಿ ಮೋಟಾರು ಎತ್ತಬೇಕಾದದ್ದು ಸೇತುವೆಯ ತೂಕವನ್ನಲ್ಲ, ಘರ್ಷಣೆಯನ್ನು ಮತ್ತು ಗಾಳಿಯ ಒತ್ತಡವನ್ನು ಮಾತ್ರ. ಸಾವಿರ ಟನ್ನಿನ ರೆಕ್ಕೆ ಒಂದೆರಡು ನಿಮಿಷಗಳಲ್ಲಿ ಏಳುವ ಗುಟ್ಟು ಇದು.

ರೆಕ್ಕೆಯ ಕಡೆ ಚೂರು ಹೆಚ್ಚು ತೂಕ ಉಳಿಸಿರುತ್ತಾರೆ. ಮುಚ್ಚಿದಾಗ ಅದು ತಾನಾಗಿ ಕೆಳಗೆ ಕೂತಿರಲಿ ಎಂದು. ಈ ಚೂರು ಎಷ್ಟಿರಬೇಕೆಂಬುದನ್ನು ತೆರೆಯುವಾಗ ಯಂತ್ರದ ದಂಡಕ್ಕೆ ಬೀಳುವ ತಿರುಚುಬಲವನ್ನು ಅಳೆದು ತೀರ್ಮಾನಿಸುತ್ತಾರೆ. ಪ್ರತಿಭಾರದೊಳಗೆ ಸಣ್ಣ ಸಣ್ಣ ಗೂಡುಗಳಿರುತ್ತವೆ; ಅವುಗಳಲ್ಲಿ ಕಬ್ಬಿಣದ ಇಲ್ಲವೇ ಕಾಂಕ್ರೀಟಿನ ಇಟ್ಟಿಗೆಗಳನ್ನು ಸೇರಿಸಿ, ತೆಗೆದು ತೂಗಿಸುತ್ತಾರೆ. ಹೊಸ ಬಣ್ಣ ಬಳಿದರೂ ಈ ಲೆಕ್ಕ ಬದಲಾಗುತ್ತದೆ.

ಈಗ ದುರಸ್ತಿಗೆ ಬನ್ನಿ. ಅಚ್ಚಿನಿಂದ ತುದಿಗೆ 30 ಮೀಟರ್, ಅಚ್ಚಿನಿಂದ ಹಿಂದಿನ ಪ್ರತಿಭಾರದ ನಡುವಿಗೆ 10 ಮೀಟರ್ ಇರುವ ಒಂದು ರೆಕ್ಕೆಯನ್ನು ಊಹಿಸಿಕೊಳ್ಳೋಣ. ತುದಿಯಲ್ಲಿ ಒಂದು ಟನ್ ಹಲಗೆಗಳನ್ನು ಪೇರಿಸಿಟ್ಟರೆ ಅದನ್ನು ಸರಿದೂಗಿಸಲು ಹಿಂದೆ 3 ಟನ್ ಬೇಕು. ತದ್ವಿರುದ್ಧವಾಗಿ, ರೆಕ್ಕೆಯ ಹಳೆಯ ಹಾಸನ್ನೆಲ್ಲ ಕಿತ್ತು ತೆಗೆದೆವು, ಅದರ ತೂಕ 60 ಟನ್, ಅದರ ನಡುಬಿಂದು ಅಚ್ಚಿನಿಂದ 15 ಮೀಟರ್ ದೂರ ಎನ್ನಿ. ಅರವತ್ತನ್ನು ಹದಿನೈದರಿಂದ ಗುಣಿಸಿದರೆ 900 ಟನ್-ಮೀಟರ್. ಹಿಂದಿನ ಪ್ರತಿಭಾರ ಈಗ 90 ಟನ್‌ನಷ್ಟು ಹೆಚ್ಚಾಗಿ ನಿಂತಿದೆ. ಬೀಗವೊಂದು ಕೈಕೊಟ್ಟರೆ ಆ ರೆಕ್ಕೆಯನ್ನು ಯಾವ ಮೋಟಾರಿನ ಬ್ರೇಕೂ ಹಿಡಿದು ನಿಲ್ಲಿಸದು.

ಇದು ಕಾಗದದ ಮೇಲಿನ ಭಯವಲ್ಲ. ಷಿಕಾಗೊ ನಗರದ ಮಿಷಿಗನ್ ಅವೆನ್ಯೂ ಸೇತುವೆ 1920ರಲ್ಲಿ ಕಟ್ಟಿದ್ದು, ಎರಡು ಅಂತಸ್ತಿನದು. ಇಂದು ಅದಕ್ಕೆ ಡುಸಾಬಲ್ ಸೇತುವೆ ಎಂದು ಹೆಸರು. 1992ರ ಸೆಪ್ಟೆಂಬರ್ 20ರಂದು ಅದರ ದುರಸ್ತಿ ನಡೆಯುತ್ತಿದ್ದಾಗ ಒಂದು ರೆಕ್ಕೆ ಇದ್ದಕ್ಕಿದ್ದಂತೆ ಚಿಮ್ಮಿ ಮೇಲೆದ್ದಿತು. ಅದರ ಮೇಲೆ ನಿಂತಿದ್ದ ಕ್ರೇನ್ ಉರುಳಿ ಬಿತ್ತು, ಕೆಲವರಿಗೆ ಗಾಯಗಳಾದವು. ನಗರದ ನಟ್ಟನಡುವೆ, ಜನಸಂದಣಿಯ ಬೀದಿಯ ಪಕ್ಕದಲ್ಲಿ ನಡೆದ ಈ ಅವಘಡದಲ್ಲಿ ಪ್ರಾಣಹಾನಿ ಆಗದೆ ಇದ್ದುದು ದೊಡ್ಡ ಅದೃಷ್ಟ. ಅರ್ಧ ಕಿತ್ತ ಎತ್ತುಸೇತುವೆ ಎಷ್ಟು ಅಪಾಯದ ವಸ್ತು ಎಂಬುದನ್ನು ಆ ಒಂದು ದಿನ ಈ ಕಸುಬಿನವರಿಗೆಲ್ಲ ಮನದಟ್ಟು ಮಾಡಿಕೊಟ್ಟಿತು.

ಆದ್ದರಿಂದಲೇ ಹಾಸನ್ನು ತೆಗೆಯುವ ಕೆಲಸವಿದ್ದರೆ ಎಂಜಿನಿಯರುಗಳು ರೆಕ್ಕೆಯನ್ನು ಯಂತ್ರದ ನಂಬಿಕೆಗೆ ಬಿಡುವುದಿಲ್ಲ. ಉಕ್ಕಿನ ಕಟ್ಟುಗಳಿಂದ ಕೆಳಕ್ಕೆ ಬಿಗಿಯುತ್ತಾರೆ, ಪ್ರತಿಭಾರದ ಕೆಳಗೆ ಊರುಗಂಬಗಳನ್ನು ಕೊಡುತ್ತಾರೆ. ಆಮೇಲೆ ಅದು ತೆರೆಯುವ ಸೇತುವೆಯಾಗಿ ಉಳಿಯುವುದಿಲ್ಲ. ದೋಣಿಯೊಂದು ಬಂದು ಕೂಗಿದರೆ ಆ ಕಟ್ಟುಗಳನ್ನೆಲ್ಲ ಬಿಚ್ಚಿ, ತೂಕ ಸರಿದೂಗಿಸಿ, ತೆರೆಯಲು ದಿನಗಳೇ ಬೇಕು.

ಬಣ್ಣದ ಕೆಲಸವನ್ನು ಹಗುರವಾಗಿ ಕಾಣುವವರಿದ್ದಾರೆ, ಅದೂ ಹಾಗಲ್ಲ. ಹಳೆಯ ಸೇತುವೆಗಳ ಬಣ್ಣದಲ್ಲಿ ಸೀಸವಿರುತ್ತದೆ. ಮರಳು ಚಿಮ್ಮಿಸಿ ಅದನ್ನು ಕೆರೆಯುವಾಗ ಪುಡಿ ನದಿಗೆ ಬೀಳದಿರಲೆಂದು ಇಡೀ ರೆಕ್ಕೆಗೆ ಟಾರ್ಪಾಲಿನ ಗೂಡು ಕಟ್ಟುತ್ತಾರೆ. ಆ ಗೂಡು ಗಾಳಿಗೆ ಹಾಯಿಯಾಗುತ್ತದೆ. ಗಂಟೆಗೆ 54 ಕಿಲೋಮೀಟರ್ ವೇಗದ ಗಾಳಿ, ಮಳೆಗಾಲದಲ್ಲಿ ಅದೇನು ಅಪರೂಪವಲ್ಲ, ಎದುರಿಗೆ ಬಂದು ಬಡಿದರೆ ಪ್ರತಿ ಚದರ ಮೀಟರಿಗೆ ಸುಮಾರು 14 ಕಿಲೋ ತೂಕದಷ್ಟು ಒತ್ತುತ್ತದೆ. 200 ಚದರ ಮೀಟರ್ ಟಾರ್ಪಾಲಿಗೆ ಅದು ಸುಮಾರು 2.8 ಟನ್. ಮಲಗಿರುವ ರೆಕ್ಕೆಗೆ ಇದು ತಡೆದುಕೊಳ್ಳುವ ಭಾರ. ಅದೇ ಟಾರ್ಪಾಲು ಹೊತ್ತು ಎದ್ದು ನಿಂತ ರೆಕ್ಕೆಗೆ ಅಲ್ಲ. ಜೊತೆಗೆ ಸೇತುವೆಯ ಅಡಿಯಲ್ಲಿ ನೇತುಹಾಕಿದ ಅಟ್ಟಣೆ ಮೀಟರೆರಡು ಮೀಟರ್ ಎತ್ತರವನ್ನು ನುಂಗಿಬಿಡುತ್ತದೆ. ಹಿಂದೆಲ್ಲ ಮುಚ್ಚಿದ ಸೇತುವೆಯ ಕೆಳಗೇ ನುಸುಳಿ ಹೋಗುತ್ತಿದ್ದ ಸಣ್ಣ ದೋಣಿಯ ಛಾವಣಿಗೂ ಈಗ ಅದು ತಾಗೀತು.

ಎರಡು ಗೋಪುರಗಳ ನಡುವೆ ಲಿಫ್ಟಿನಂತೆ ನೆಟ್ಟಗೆ ಏಳುವ ಸೇತುವೆಗಳ ಕಷ್ಟ ಬೇರೆ. ಅಲ್ಲಿ ಅಂಕಣವನ್ನೂ ಪ್ರತಿಭಾರವನ್ನೂ ಜೋಡಿಸಿರುವುದು ಉಕ್ಕಿನ ಹಗ್ಗಗಳು. ಅವು ಪ್ರತಿಸಲ ಗಾಲಿಗಳ ಮೇಲೆ ಬಾಗಿ ನೇರವಾಗುತ್ತ ಒಳಗಿನ ಎಳೆಗಳನ್ನು ಸವೆಸಿಕೊಳ್ಳುತ್ತವೆ. ಅವನ್ನು ಬದಲಿಸುವಾಗ ಅಂಕಣವನ್ನು ಕೆಳಗೆ ಕೂರಿಸಿ, ನೂರಾರು ಟನ್ನಿನ ಪ್ರತಿಭಾರವನ್ನು ಗೋಪುರದ ತಲೆಗೇ ಸರಳುಗಳಿಂದ ತೂಗುಹಾಕಬೇಕು. ಕೊನೆಯ ಹಗ್ಗ ಬಿಗಿದು, ಎಲ್ಲ ಹಗ್ಗಗಳಿಗೂ ಸಮ ಎಳೆತ ಬರುವವರೆಗೆ ಆ ಸೇತುವೆ ಅಲುಗುವಂತಿಲ್ಲ. ಇಲ್ಲಿ ಅರೆಬರೆ ಉಪಾಯವೇ ಇಲ್ಲ.

ಎರಡು ರೆಕ್ಕೆಯ ಸೇತುವೆಗೆ ಮಾತ್ರ ಒಂದು ಅರೆ ಉಪಾಯವಿದೆ. ಒಂದು ರೆಕ್ಕೆಯನ್ನು ಬಿಗಿದು ದುರಸ್ತಿ ಮಾಡುತ್ತಾ ಇನ್ನೊಂದನ್ನು ದೋಣಿಗಳಿಗಾಗಿ ಎತ್ತುವುದು. ಅರ್ಧ ಬಾಗಿಲಿನಿಂದ ಹಾಯಿದೋಣಿ, ಬೇರೆ ಹಡಗುಗಳನ್ನು ಎಳೆಯುವ ತಳ್ಳುವ ಟಗ್ ಹಾದುಹೋಗುತ್ತವೆ. ಸರಕು ಹೊರುವ ಅಗಲದ ಬಾರ್ಜ್ ಹೋಗದು. ಅಮೆರಿಕದಲ್ಲಿ ದುರಸ್ತಿಯ ಅನುಮತಿಗಳಲ್ಲಿ ಬಹಳಷ್ಟು ಈ ಬಗೆಯವೇ: ಒಂದೇ ರೆಕ್ಕೆ ತೆರೆಯುತ್ತೇವೆ, ಪೂರ್ತಿ ತೆರೆಯಬೇಕಿದ್ದರೆ ಇಷ್ಟು ಗಂಟೆ ಮೊದಲು ಹೇಳಿ, ಇಂತಿಂಥ ರಾತ್ರಿಗಳಲ್ಲಿ ಮಾತ್ರ ಪೂರ್ತಿ ಮುಚ್ಚುತ್ತೇವೆ. ಹೀಗೆ ಮುಚ್ಚುವುದನ್ನೂ ಚೂರುಚೂರಾಗಿ ಹಂಚಿಕೊಳ್ಳುವುದನ್ನು ನಾನು ಒಳ್ಳೆಯ ಎಂಜಿನಿಯರಿಂಗ್ ಎನ್ನುತ್ತೇನೆ. ಗುತ್ತಿಗೆದಾರರಿಗೆ ಇದರಿಂದ ಖರ್ಚು ಹೆಚ್ಚು, ನಿಜ.

ಮುಚ್ಚಿದ ಮಾತ್ರಕ್ಕೆ ಗಟ್ಟಿಯಾಗದು

ದೋಣಿಗಳಿಗೆ ಮುಚ್ಚಿದ್ದೇವೆ ಎಂದ ಮೇಲೆ ದೋಣಿಗಳ ಚಿಂತೆ ಬಿಡಬಹುದೆಂದು ತೋರುತ್ತದೆ. ನಿಜಕ್ಕೂ ಚಿಂತೆ ಅಲ್ಲಿಂದಲೇ ಹೆಚ್ಚಬೇಕು. ಅಲಬಾಮಾ ರಾಜ್ಯದ ಮೊಬೈಲ್ ನಗರದ ಹತ್ತಿರ ಬಿಗ್ ಬಾಯು ಕಾನೊ ಎಂಬ ನೀರಹಾದಿಯ ಮೇಲೆ ಒಂದು ರೈಲು ಸೇತುವೆಯಿತ್ತು. ಅದರ ಒಂದು ಅಂಕಣವನ್ನು ತಿರುಗಿ ದಾರಿ ಬಿಡುವ ಬಗೆಯಲ್ಲಿ ರೂಪಿಸಿದ್ದರು. ಆದರೆ ಅದನ್ನು ತಿರುಗಿಸುವ ಏರ್ಪಾಡು ಎಂದೂ ಪೂರ್ತಿಯಾಗಲಿಲ್ಲ, ಹಾಗೆಂದು ಅಡ್ಡಕ್ಕೆ ಸರಿಯದಂತೆ ಗಟ್ಟಿಯಾಗಿ ಬಿಗಿಯಲೂ ಇಲ್ಲ. 1993ರ ಸೆಪ್ಟೆಂಬರ್ 22ರ ಮಂಜು ಕವಿದ ರಾತ್ರಿ ಬಾರ್ಜುಗಳನ್ನು ತಳ್ಳುತ್ತಿದ್ದ ಟಗ್ ಒಂದು ದಾರಿ ತಪ್ಪಿ ಆ ಕವಲಿಗೆ ನುಗ್ಗಿತು, ಬಾರ್ಜು ಸೇತುವೆಗೆ ಗುದ್ದಿತು. ಅಂಕಣ ಸುಮಾರು ಒಂದು ಮೀಟರಿನಷ್ಟು ಪಕ್ಕಕ್ಕೆ ಸರಿಯಿತು. ಕೆಲವೇ ನಿಮಿಷಗಳಲ್ಲಿ ಬಂದ ‘ಸನ್‌ಸೆಟ್ ಲಿಮಿಟೆಡ್’ ರೈಲು ಅಲ್ಲಿ ಹಳಿ ತಪ್ಪಿ ನೀರಿಗೆ ಬಿತ್ತು. 47 ಜನ ಸತ್ತರು.

ತೆರೆಯುವ ಸೇತುವೆಯ ಶಕ್ತಿಯನ್ನೆಲ್ಲ ಮೇಲಿನಿಂದ ಬರುವ ಭಾರಕ್ಕೆಂದು ಹೂಡಿರುತ್ತಾರೆ. ಪಕ್ಕದಿಂದ ಬಂದು ಬಡಿಯುವ ದೋಣಿಗೆ ಅದು ದುರ್ಬಲ. ಸಾಮಾನ್ಯ ದಿನಗಳಲ್ಲಿ ರೆಕ್ಕೆ ಎದ್ದು ನಿಂತು ದಾರಿ ಬಿಡುತ್ತದೆ, ಅದೇ ಅದರ ರಕ್ಷಣೆ. ದುರಸ್ತಿಯ ದಿನಗಳಲ್ಲಿ ಆ ರಕ್ಷಣೆ ಇಲ್ಲ. ತಡೆಗಂಬಗಳು, ಕೆಂಪು ದೀಪಗಳು, ಮುನ್ನೆಚ್ಚರಿಕೆಗಳೇ ಅದರ ಜಾಗದಲ್ಲಿ ನಿಲ್ಲಬೇಕು.

ಮುನ್ನೆಚ್ಚರಿಕೆ ಎಷ್ಟು ಮುಂಚೆ ಬೇಕು ಎಂಬುದಕ್ಕೆ ನೀರಿನ ಭೌತಶಾಸ್ತ್ರವೇ ಉತ್ತರ ಕೊಡುತ್ತದೆ. ದೋಣಿಗೆ ಬ್ರೇಕಿಲ್ಲ. ಮಿಸಿಸಿಪಿಯಲ್ಲಿ ಒಂದು ಟಗ್ ಹದಿನೈದು ಬಾರ್ಜುಗಳನ್ನು ಒಟ್ಟಿಗೆ ಕಟ್ಟಿ ತಳ್ಳುವುದು ಮಾಮೂಲು. ಅಷ್ಟೂ ಸೇರಿ ಇಪ್ಪತ್ತು ಸಾವಿರ ಟನ್ ಸರಕು, ಮುನ್ನೂರು ಮೀಟರ್ ಉದ್ದ. ಎಂಜಿನ್ನನ್ನು ಹಿಮ್ಮುಖ ತಿರುಗಿಸಿದರೂ ಅದು ನಿಲ್ಲಲು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಬೇಕು. ಇನ್ನೊಂದು ತೊಡಕು ದಡದಲ್ಲಿರುವವರಿಗೆ ಹೊಳೆಯದು. ಚುಕ್ಕಾಣಿ ಕೆಲಸ ಮಾಡುವುದು ಅದರ ಪಕ್ಕದಲ್ಲಿ ನೀರು ಹರಿದಾಗ ಮಾತ್ರ. ಪ್ರವಾಹದ ಜೊತೆಗೇ ಕೆಳಗೆ ಬರುತ್ತಿರುವ ದೋಣಿ ನೀರಿನ ವೇಗಕ್ಕೆ ಇಳಿದರೆ ಚುಕ್ಕಾಣಿಯ ಮಟ್ಟಿಗೆ ನೀರು ನಿಂತಂತೆಯೇ. ಆಗ ಎಷ್ಟು ತಿರುವಿದರೂ ದೋಣಿ ತಿರುಗದು. ಸೇತುವೆ ಮುಚ್ಚಿದೆ ಎಂದು ಹತ್ತಿರ ಬಂದ ಮೇಲೆ ಕಂಡು ನಿಧಾನಿಸಿದ ನಾವಿಕ ಹೀಗೆ ನಿಧಾನಿಸಿಯೇ ಹಿಡಿತ ಕಳೆದುಕೊಳ್ಳಬಹುದು. ಹಾಗಾಗಿ ಮುಚ್ಚುವ ಸುದ್ದಿ ಸೇತುವೆಯ ಫಲಕದ ಮೇಲಷ್ಟೇ ಇದ್ದರೆ ಸಾಲದು. ಹೊರಟ ಬಂದರಿನಲ್ಲೇ ಅವನ ಕೈಗೆ ಸಿಗಬೇಕು. ನಾವಿಕರಿಗೆಂದೇ ಹೊರಡಿಸುವ ಪ್ರಕಟಣೆಗಳು, ರೇಡಿಯೊದ ಪದೇಪದೇ ಘೋಷಣೆ ಇದಕ್ಕಾಗಿ ಇವೆ.

ಮುಚ್ಚುವ ಕಾಲವನ್ನು ಆರಿಸುವುದರಲ್ಲಿ ಊರೂರಿಗೂ ಒಂದು ಜಾಣತನವಿದೆ. ಷಿಕಾಗೊದ ಹಾಯಿದೋಣಿಗಳು ಚಳಿಗಾಲದಲ್ಲಿ ನದಿಯ ಒಳಭಾಗದ ದೋಣಿಕಟ್ಟೆಗಳಲ್ಲಿ ಮಲಗುತ್ತವೆ. ವಸಂತದಲ್ಲಿ ಮಿಷಿಗನ್ ಸರೋವರಕ್ಕೆ ಇಳಿಯುತ್ತವೆ, ಚಳಿಗೆ ಮುಂಚೆ ಮರಳುತ್ತವೆ. ಆ ದಿನಗಳಲ್ಲಿ ನಗರದ ನಡುವಿನ ಸೇತುವೆಗಳು ಒಂದಾದ ಮೇಲೊಂದು ಏಳುತ್ತವೆ, ಮೆರವಣಿಗೆ ಹೋಗುವ ದೋಣಿಗಳಿಗೆ ದಾರಿ ಬಿಡುತ್ತವೆ. ಹಾಗಾಗಿ ಆ ನದಿಯಲ್ಲಿ ಮುಚ್ಚಲು ತಕ್ಕ ಕಾಲ ಚಳಿಗಾಲ. ಆದರೆ ಕಾಂಕ್ರೀಟು ಹದವಾಗಿ ಗಟ್ಟಿಯಾಗಲು, ಬಣ್ಣ ಹಿಡಿಯಲು ಚಳಿಗಾಲ ಕೆಟ್ಟದ್ದು. ದೋಣಿಗಳಿಗೆ ಅನುಕೂಲವಾದದ್ದು ಕೆಲಸಕ್ಕೆ ಅನನುಕೂಲ. ಸಿಯಾಟಲ್ ನಗರದಲ್ಲಿ ಈ ಹೊಂದಾಣಿಕೆ ದಿನದ ಗಂಟೆಗಳ ಮಟ್ಟದಲ್ಲಿದೆ. ನೀರಿನಿಂದ ಕೇವಲ ಒಂಬತ್ತು ಮೀಟರ್ ಎತ್ತರದ ಫ್ರೀಮಾಂಟ್ ಸೇತುವೆ ದಿನಕ್ಕೆ ಸರಾಸರಿ 35 ಸಲ ತೆರೆಯುತ್ತದೆ. ಜನ ಕಚೇರಿಗೆ ಹೋಗಿಬರುವ ಹೊತ್ತಿನಲ್ಲಿ ಸಣ್ಣ ದೋಣಿಗಳು ಕಾಯಬೇಕು, ದೊಡ್ಡ ಹಡಗು ಬಂದರೆ ಆಗಲೂ ತೆರೆಯಬೇಕು.

ನಮ್ಮ ಕರಾವಳಿಯಲ್ಲಿ ಇಂಥ ಕಾಲವನ್ನು ಸರ್ಕಾರವೇ ಗೊತ್ತುಮಾಡಿ ಕೊಟ್ಟಿದೆ. ಮೀನು ಮರಿ ಮಾಡುವ ಕಾಲವೆಂದು ಕರ್ನಾಟಕದ ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ತಮಿಳುನಾಡಿನ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14. ಈ ಎರಡನೆಯ ದಿನಾಂಕವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಕಾಲದ ಮಾತು ಬಂದ ಮೇಲೆ ಬಿಸಿಲನ್ನು ಬಿಡುವಂತಿಲ್ಲ, ಅದನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಮೀಟರಿಗೆ 0.012 ಮಿಲಿಮೀಟರ್ ಹಿಗ್ಗುತ್ತದೆ. 60 ಮೀಟರ್ ಅಂಕಣ 25 ಡಿಗ್ರಿ ಬಿಸಿಯಾದರೆ 18 ಮಿಲಿಮೀಟರ್. ಅಷ್ಟಕ್ಕೇ ತುದಿಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. 2024ರ ಜುಲೈ 8ರಂದು ನ್ಯೂಯಾರ್ಕಿನ ಥರ್ಡ್ ಅವೆನ್ಯೂ ಸೇತುವೆ ದೋಣಿಗೆ ದಾರಿ ಬಿಡಲು ತಿರುಗಿ, ಹಿಗ್ಗಿ, ಮರಳಿ ಕೂರಲಾರದೆ ನಿಂತುಬಿಟ್ಟಿತು. ದೋಣಿಗಳಿಂದ ನೀರು ಚಿಮ್ಮಿಸಿ ತಣಿಸಬೇಕಾಯಿತು.

ಷಿಕಾಗೊದಿಂದ ಪಾಂಬನ್‌ಗೆ

ರಾಮೇಶ್ವರ ಯಾತ್ರೆಗೆ ರೈಲಿನಲ್ಲಿ ಹೋದ ಕನ್ನಡಿಗರು ಇಂಥದ್ದೊಂದು ಸೇತುವೆಯನ್ನು ದಾಟಿದ್ದಾರೆ. 1914ರ ಫೆಬ್ರವರಿ 24ರಂದು ತೆರೆದ ಹಳೆಯ ಪಾಂಬನ್ ಸೇತುವೆಯ ನಡುವಿನ ತೆರೆಯುವ ಅಂಕಣಕ್ಕೆ ಷೆರ್ಜರ್ ಅಂಕಣ ಎಂದೇ ಹೆಸರು. ವಿಲಿಯಂ ಷೆರ್ಜರ್ ಷಿಕಾಗೊದ ಎಂಜಿನಿಯರ್. ಅಚ್ಚಿನ ಮೇಲೆ ತಿರುಗುವ ಬದಲು ಆರಾಮಕುರ್ಚಿಯ ಬುಡದಂತೆ ಹಿಂದಕ್ಕೆ ಉರುಳಿ ಏಳುವ ರೆಕ್ಕೆಯನ್ನು ರೂಪಿಸಿದವರು. 1893ರಲ್ಲೇ ಅವರು ತೀರಿಕೊಂಡರು, ತಮ್ಮ ಬಗೆಯ ಮೊದಲ ಸೇತುವೆಗಳು ಷಿಕಾಗೊ ನದಿಯ ಮೇಲೆ ಎದ್ದುದನ್ನು ಕಣ್ಣಾರೆ ನೋಡಲಿಲ್ಲ. ಆ ವಿನ್ಯಾಸ ಎರಡು ದಶಕಗಳಲ್ಲಿ ಪಾಂಬನ್‌ಗೆ ಬಂತು. ಎರಡು ರೆಕ್ಕೆಗಳು, ಒಂದೊಂದಕ್ಕೆ ನಾನೂರು ಟನ್‌ಗೂ ಮಿಗಿಲಾದ ತೂಕ. ಅವನ್ನು ರೈಲ್ವೆಯ ಕೆಲಸಗಾರರು ಸನ್ನೆಕೋಲುಗಳನ್ನು ತಿರುಗಿಸಿ ಕೈಬಲದಿಂದಲೇ ತೆರೆಯುತ್ತಿದ್ದರು. ಏತದ ಲೆಕ್ಕ ಅಷ್ಟು ಕರಾರುವಾಕ್ಕಾಗಿತ್ತು.

1964ರ ಡಿಸೆಂಬರ್ ಕೊನೆಯ ಚಂಡಮಾರುತ ಧನುಷ್ಕೋಟಿಯನ್ನು ಅಳಿಸಿಹಾಕಿತು, ಸೇತುವೆಯ ಬಹುಪಾಲು ಅಂಕಣಗಳನ್ನು ಕೊಚ್ಚಿಕೊಂಡು ಹೋಯಿತು, ಷೆರ್ಜರ್ ಅಂಕಣ ಉಳಿಯಿತು. ಮುಂದೆ ಕೊಂಕಣ ರೈಲ್ವೆಯಿಂದ ನಮ್ಮ ಕರಾವಳಿಗೆ ರೈಲು ತಂದ ಇ. ಶ್ರೀಧರನ್ ಆಗ ಯುವ ಎಂಜಿನಿಯರ್. ಕೊಚ್ಚಿಹೋದ ತೊಲೆಗಳು ಕಡಲ ತಳದಲ್ಲಿ ಎಲ್ಲಿ ಬಿದ್ದಿವೆ ಎಂದು ಮೀನುಗಾರರಿಂದ ತಿಳಿದು, ಅವನ್ನೇ ಎತ್ತಿಸಿ ಮತ್ತೆ ಕೂರಿಸಿ, ತಿಂಗಳುಗಟ್ಟಲೆ ಬೇಕೆಂದಿದ್ದ ಕೆಲಸವನ್ನು 46 ದಿನಗಳಲ್ಲಿ ಮುಗಿಸಿದರು.

ಚಂಡಮಾರುತ ಮಾಡಲಾಗದ್ದನ್ನು ಉಪ್ಪುಗಾಳಿ ಮಾಡಿತು. ತುಕ್ಕು ಷೆರ್ಜರ್ ಅಂಕಣವನ್ನು ತಿಂದಿತು. 2022ರ ಡಿಸೆಂಬರ್‌ನಲ್ಲಿ ರೈಲುಗಳು ನಿಂತವು. ಪಕ್ಕದಲ್ಲಿ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್ 6ರಂದು ತೆರೆಯಿತು. ಆ ಎರಡು ವರ್ಷ ಚಿಲ್ಲರೆ ತಿಂಗಳು ಯಾತ್ರಿಕರು ಈಚೆ ದಡದಲ್ಲೇ ರೈಲಿಳಿದು, 1988ರ ರಸ್ತೆ ಸೇತುವೆಯ ಮೇಲೆ ಬಸ್ಸು, ವ್ಯಾನುಗಳಲ್ಲಿ ದಾಟಿದರು. ತ್ರಾಸವಾಯಿತು, ಆದರೆ ದಾಟಿದರು. ಅಲ್ಲಿಯ ನೀರಹಾದಿಗೆ ಇಂಥ ಎರಡನೆಯ ದಾರಿ ಇಲ್ಲ. ಮನ್ನಾರ್ ಕೊಲ್ಲಿಯಿಂದ ಪಾಕ್ ಕೊಲ್ಲಿಗೆ ಹೋಗಬೇಕಾದ, ಸೇತುವೆಯ ಕೆಳಗೆ ನುಸುಳಲಾಗದಷ್ಟು ಎತ್ತರದ ಹಡಗಿಗೆ ಪಾಂಬನ್ ತೆರೆಯದಿದ್ದರೆ ಉಳಿಯುವುದು ಶ್ರೀಲಂಕೆಯನ್ನು ಪೂರ್ತಿ ಸುತ್ತಿ ನೂರಾರು ಕಿಲೋಮೀಟರ್ ಹೆಚ್ಚು ಸಾಗುವ ದಾರಿ.

ಹೊಸ ಸೇತುವೆಯಲ್ಲಿ ನೆಟ್ಟಗೆ ಮೇಲೇಳುವುದು 72.5 ಮೀಟರ್ ಉದ್ದದ, ಸುಮಾರು 660 ಟನ್ ತೂಕದ ಅಂಕಣ. 17 ಮೀಟರ್ ಎತ್ತರಕ್ಕೆ ಅದನ್ನು ವಿದ್ಯುತ್ ಯಂತ್ರ ಕೆಲವೇ ನಿಮಿಷಗಳಲ್ಲಿ ಒಯ್ಯುತ್ತದೆ. ತುಕ್ಕಿಗೆ ಜಗ್ಗದ ಬಣ್ಣ, ಸ್ಟೇನ್‌ಲೆಸ್ ಉಕ್ಕಿನ ಸರಳುಗಳನ್ನು ಬಳಸಿದ್ದಾರೆ. ಆದರೂ ಅದು ಹಗ್ಗಗಳಿಂದ ತೂಗುವ ಸೇತುವೆ, ಕಡಲಿನ ಉಪ್ಪುಗಾಳಿಯಲ್ಲಿ ನಿಂತಿದೆ. ಎಂದಾದರೊಂದು ದಿನ ಹಗ್ಗಗಳನ್ನು ಬದಲಿಸಲೇಬೇಕು, ಆಗ ಅದನ್ನು ಕೆಲದಿನ ಹಡಗುಗಳಿಗೆ ಮುಚ್ಚಲೇಬೇಕು. ರೈಲು ನಿಲ್ಲುವ ಸುದ್ದಿ ನಮ್ಮ ಪತ್ರಿಕೆಗಳ ಮುಖಪುಟದಲ್ಲಿ ಬರುತ್ತದೆ. ನೀರಹಾದಿ ನಿಲ್ಲುವ ಸುದ್ದಿಗೆ ಆ ಭಾಗ್ಯವಿಲ್ಲ. ಆದ್ದರಿಂದ ರೈಲ್ವೆಯವರಲ್ಲಿ, ಬಂದರು ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟು. ಆ ಕೆಲಸವನ್ನು ಏಪ್ರಿಲ್ 15 ಮತ್ತು ಜೂನ್ 14ರ ನಡುವೆ, ಟ್ರಾಲರುಗಳು ದಡದಲ್ಲಿರುವಾಗ, ಇಟ್ಟುಕೊಳ್ಳಿ. ಮುಚ್ಚುವ ದಿನ, ತೆರೆಯುವ ದಿನ ಎರಡನ್ನೂ ತಿಂಗಳುಗಳ ಮೊದಲೇ ಪಾಂಬನ್, ಮಂಟಪಂ, ರಾಮೇಶ್ವರದ ಮೀನುಗಾರರ ಸಂಘಗಳಿಗೆ ತಮಿಳಿನಲ್ಲಿ ಬರೆದು ತಿಳಿಸಿ, ಅವರ ಮಾತು ಕೇಳಿದ ಮೇಲೆಯೇ ದಿನಾಂಕ ನಿಶ್ಚಯಿಸಿ.